ಹಳದಿ ಕಾಲಿನ ಕೋಳಿ

ನಂಜನಗೂಡಿನ ಕಡೆಯಲ್ಲಾಗಲಿ, ತಿರುಮಕೂಡಲು ನರಸೀಪುರದ ಕಡೆಯಲ್ಲಾಗಲಿ, ನಾಟಿ ಕೋಳಿಯನ್ನು ಆರಿಸುವವರ ಕಣ್ಣು ಮೊದಲು ಪುಕ್ಕದ ಮೇಲೆ ಬೀಳುತ್ತದೆ. ಕಾಲಿನ ಬಣ್ಣವನ್ನೂ ಕೊಂಚ ನೋಡಬೇಕು; ಅದರಲ್ಲಿ ನಮ್ಮ ಸೀಮೆಯ ಚರಿತ್ರೆಯೇ ಅಡಗಿದೆ.

ಸಾಕುಕೋಳಿಗಳಿಗೆಲ್ಲ ಕೆಂಪು ಕಾಡುಕೋಳಿಯೊಂದೇ ಮೂಲವೆಂದು ಡಾರ್ವಿನ್ 1868ರ ತನ್ನ ಗ್ರಂಥದಲ್ಲಿ ವಾದಿಸಿದನು. ಆದರೆ ಆ ಹಕ್ಕಿಯ ಕಾಲು ಹಳದಿಯಲ್ಲ. ಹಾಗಾದರೆ ಹಳದಿ ಬಂದುದೆಲ್ಲಿಂದ? ಉತ್ತರ ದೊರೆತದ್ದು 2008ರಲ್ಲಿ. ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ವಂಶವಾಹಿಗಳನ್ನು ಪರೀಕ್ಷಿಸಿ, ಆ ಗುಣ ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದುದೆಂದು ತೋರಿಸಿದರು. ಈ ಹಕ್ಕಿ ಭಾರತದ್ದೇ. ನಂಜನಗೂಡಿಗೆ ದಕ್ಷಿಣದ ಬಂಡೀಪುರದ ಕಾಡಿನಲ್ಲಿ ಅದರ ಕೂಗು ಇಂದಿಗೂ ಕೇಳುತ್ತದೆ.

ಬಣ್ಣಕ್ಕಾಗಿ ಶುದ್ಧ ತಳಿ ಬೆಳೆಸಲು ಹೊರಟವರಿಗೆ ಇಲ್ಲೊಂದು ಪಾಠವಿದೆ. ಹಳದಿ ಅಡಗಿ ಕೂರುವ ಗುಣ. ಹುಂಜ, ಹೇಂಟೆ ಎರಡರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಆದುದರಿಂದ ಬಿಳಿ ಕಾಲಿನ ಜೋಡಿಗೂ ಹಳದಿ ಕಾಲಿನ ಮರಿ ಹುಟ್ಟಬಹುದು. ಹಳದಿ ಕಾಲಿನ ಜೋಡಿಗಾದರೋ ಹಳದಿಯೇ. ಹುಂಜವನ್ನು ಅದರ ಅಂದಕ್ಕಿಂತ ಅದರ ಮರಿಗಳನ್ನು ನೋಡಿ ಆರಿಸುವುದು ಮೇಲು. ಯಾವ ಹೇಂಟೆಯ ಮೊಟ್ಟೆ ಯಾವುದೆಂದು ಗುರುತಿಡಬೇಕು. ಗುಣವಿದ್ದರೂ ಹಸಿರು ಸೊಪ್ಪು, ಮುಸುಕಿನ ಜೋಳ ಸಿಗದೆ ಬಣ್ಣ ಏರದು.

ಕಾಡಿನ ಹಕ್ಕಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಮಿಶ್ರತಳಿಗಳ ನಡುವೆ ಹಿತ್ತಿಲಿನ ನಾಟಿ ತಳಿ ಕರಗಿಹೋಗದಂತೆ ಕಾಯಬೇಕಾದವರು ಸಾಕುವವರೇ.