ಸದ್ದು ಮಾಡಿದ ಫಿಯಟ್, ಸದ್ದು ಮಾರಿದ ಅಬಾರ್ತ್

ಮೊನ್ನೆ ರಾತ್ರಿ ಹನ್ನೊಂದಕ್ಕೆ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಕಾರು ಗುಡುಗಿಕೊಂಡು ಹೋಯಿತು. ಕಿಟಕಿ ಮುಚ್ಚುತ್ತಾ ನನ್ನವಳು, "ನಿಮ್ಮ ಹಳೇ ಫಿಯಟ್ಟಿನ ಮೊಮ್ಮಗ ಇರಬೇಕು!" ಎಂದಳು. ನಾನು ಬಾಯಿ ಬಿಡಲಿಲ್ಲ. ಈ ವಿಷಯದಲ್ಲಿ ನಾನೂ ಪಾಪಿಯೇ.

1988ರ ಮಾತು. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವನ ಹಳೇ ಪ್ರೀಮಿಯರ್ ಪದ್ಮಿನಿ ನನ್ನ ಕೈಗೆ ಬಂತು. ಇಟಲಿಯ ಫಿಯಟ್ 1100ರ ಸಂತತಿ, ಹುಟ್ಟಿದ್ದು ಕುರ್ಲಾದಲ್ಲಿ. 1089 ಸಿಸಿ, ಸುಮಾರು 40 ಅಶ್ವಶಕ್ತಿ. "ಸೈಲೆನ್ಸರ್ ಬದಲಿಸಿ ಸಾಬ್, ಗಾಡಿ ಹಾರುತ್ತೆ" ಎಂದ ಗ್ಯಾರೇಜಿನ ಮಿಸ್ತ್ರಿ. ಅರ್ಧ ತಿಂಗಳ ಸಂಬಳ ಕೊಟ್ಟು ದಪ್ಪ ಪೈಪು ಹಾಕಿಸಿದೆ.

ಈ ಹುಚ್ಚನ್ನು ದೊಡ್ಡ ವ್ಯಾಪಾರವನ್ನಾಗಿ ಮಾಡಿದವರಲ್ಲಿ ಕಾರ್ಲೋ ಅಬಾರ್ತ್ ಮುಖ್ಯ. 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ರಾಶಿ ವೃಶ್ಚಿಕ, ಹಾಗಾಗಿ ಕಂಪನಿಯ ಲಾಂಛನವೂ ಚೇಳು! 1949ರಲ್ಲಿ ಇಟಲಿಯಲ್ಲಿ ಸ್ವಂತ ಕಂಪನಿ ಶುರು ಮಾಡಿದ. ರೇಸಿಗೆ ದುಡ್ಡು ಬೇಕಲ್ಲ? ಸಾಮಾನ್ಯ ಫಿಯಟ್ ಕಾರುಗಳಿಗೆ ಸೈಲೆನ್ಸರ್ ಮಾರಿದ. ತೂತುಗಳಿದ್ದ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ. ಹೊಗೆಗೆ ಅಡ್ಡಿ ಕಡಿಮೆ, ಗಂಟಲು ಗಡಸು. ಆಫೀಸಿಗೆ ಹೋಗುವ ಗುಮಾಸ್ತನಿಗೂ ತಾನು ರೇಸಿನಲ್ಲಿದ್ದೇನೆ ಅನ್ನಿಸುತ್ತಿತ್ತು. 1971ರಲ್ಲಿ ಕಂಪನಿಯನ್ನು ಫಿಯಟ್ಟೇ ಕೊಂಡಿತು.

ಹಾಗಾದರೆ ಪೈಪಿನಿಂದ ಶಕ್ತಿ ಬರುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಒತ್ತಡದ ಒಂದು ಅಲೆ ಪೈಪಿನ ತುದಿಗೆ ಓಡಿ, ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಸರಿಯಾದ ಕ್ಷಣಕ್ಕೆ ಮರಳಿದರೆ ಉಳಿದ ಹೊಗೆಯನ್ನು ಎಳೆದು ಹೊಸ ಗಾಳಿಗೆ ಜಾಗ ಮಾಡುತ್ತದೆ. ಆದರೆ ಆ ಲೆಕ್ಕ ಪೈಪಿನ ಉದ್ದ, ಅಗಲ, ಎಂಜಿನ್ನಿನ ವೇಗ ಮೂರಕ್ಕೂ ಹೊಂದಬೇಕು. ಪೈಪು ಅತಿ ದಪ್ಪವಾದರೆ ಹೊಗೆಯ ಓಟ ನಿಧಾನವಾಗಿ, ಕಡಿಮೆ ವೇಗದಲ್ಲಿ ಎಳೆತವೇ ಕುಗ್ಗುತ್ತದೆ. ಕಾರ್ಬ್ಯುರೇಟರ್, ಕ್ಯಾಮ್ ಹಾಗೇ ಬಿಟ್ಟು ಬಾಲ ಮಾತ್ರ ಬದಲಿಸಿದರೆ ಸಿಗುವುದು ಹೆಚ್ಚಾಗಿ ಸದ್ದೇ.

ನನಗೆ ಇದು ಗೊತ್ತಾದದ್ದು ಖಂಡಾಲಾ ಘಾಟಿಯಲ್ಲಿ. ಮೊದಲನೇ ಗೇರಿನಲ್ಲಿ ಗಾಡಿ ಅರಚುತ್ತಿತ್ತು, ಹತ್ತುತ್ತಿರಲಿಲ್ಲ. ಹಿಂದೆ ಕೂತ ಮಾವ, "ಬೊಬ್ಬೆ ಜೋರಾಯ್ತು ಮಾರಾಯ, ಓಟ ಎಲ್ಲಿ?" ಎಂದರು. ಅದನ್ನು ನಗುತ್ತಾ ನುಂಗಿಕೊಂಡೆ. ನುಂಗಲಾಗದ್ದು ಇನ್ನೊಂದು. ಕೆಳಮನೆಯ ಮಿಲ್ ಕಾರ್ಮಿಕರಿಗೆ ರಾತ್ರಿ ಪಾಳಿ. ಒಂದು ದಿನ ಮೆಟ್ಟಿಲ ಮೇಲೆ ನನಗೆ ಕೈಮುಗಿದು, "ಬೆಳಿಗ್ಗೆ ಕಣ್ಣು ಹತ್ತುವ ಹೊತ್ತಿಗೆ ನಿಮ್ಮ ಗಾಡಿ ಹೊರಡುತ್ತದೆ" ಎಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅದೇ ಭಾನುವಾರ ಹಳೇ ಸೈಲೆನ್ಸರ್ ಮರಳಿ ಹಾಕಿಸಿದೆ.

ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲಿ ಮುಂಬೈ ರಸ್ತೆಯಿಂದ ಮರೆಯಾದವು. ಇನ್ನೊಂದು ತಮಾಷೆ ಕೇಳಿ. 2022ರಲ್ಲಿ ಅಬಾರ್ತ್ ಹೆಸರಿನ ವಿದ್ಯುತ್ ಕಾರು ಬಂತು. ಹೊಗೆಯಿಲ್ಲ, ಸೈಲೆನ್ಸರಿಲ್ಲ. ಆದರೆ ಹಳೇ ಪೆಟ್ರೋಲ್ ಗುಡುಗನ್ನು ಹೊರಡಿಸಲು ಒಂದು ಸ್ಪೀಕರ್ ಇದೆ! ಬೇಡವಾದರೆ ಅದನ್ನು ಸುಮ್ಮನಾಗಿಸಬಹುದಂತೆ.

ನಾವು ಕೊಂಡದ್ದು ಯಾವಾಗಲೂ ಸದ್ದನ್ನೇ. ಆ ಅನುಕೂಲ 1988ರಲ್ಲಿ ಇದ್ದಿದ್ದರೆ ನಾನು ಬಳಸುತ್ತಿದ್ದೆನೇ? ನೀವೇ ಹೇಳಿ.