ಬಣವೆಯಿಂದ ಬೆಂಕಿಯವರೆಗೆ



ಬೇಸಿಗೆ ಹತ್ತಿರ ಬಂದರೆ ಬೆನ್ಸನ್ ಟೌನಿನ ರಸ್ತೆಗಳಲ್ಲಿ ತರಗೆಲೆ ರಾಶಿ ಬೀಳುತ್ತದೆ. ಯಾರೋ ಗುಡ್ಡೆ ಮಾಡಿ ಕಡ್ಡಿ ಗೀರಿದರೆ ಸಾಕು, ಬೀದಿಯೆಲ್ಲ ಹೊಗೆ. ಬುಟ್ಟಿ ಎಲೆಗೇ ಹೀಗಾದರೆ, ಗದ್ದೆಗದ್ದೆಗೇ ಬೆಂಕಿ ಇಟ್ಟರೆ ಗತಿಯೇನು?

ನಮ್ಮ ಹಿರಿಯರು ಹುಲ್ಲು ಸುಟ್ಟವರಲ್ಲ. ಕಣದಲ್ಲಿ ಗುಂಡು ಹೊಡೆದು ರಾಗಿ ಬೇರೆ ಮಾಡಿದ ಮೇಲೆ ಹುಲ್ಲೆಲ್ಲ ಬಣವೆ ಸೇರುತ್ತಿತ್ತು. ಬೇಸಿಗೆಯಲ್ಲಿ ದನಕರುಗಳಿಗೆ ಅದೇ ಆಧಾರ. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ ಮೇಲೆ ಸೈನ್ಯದ ಕುದುರೆಗಳಿಗೆ, ಆಮೇಲೆ ಜಟಕಾ ಕುದುರೆಗಳಿಗೂ ಮೇವು ಬೇಕಾಯಿತು. ಮೇವಿಗೆ ಬೆಲೆ ಇದ್ದಲ್ಲಿ ಬೆಂಕಿಗೆ ಕೆಲಸವಿಲ್ಲ.

ಕಾಲ ಬದಲಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದು ಗಂಗಾವತಿ, ಸಿಂಧನೂರು ಭತ್ತದ ಸೀಮೆಯಾದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕುಡುಗೋಲಿನ ಜಾಗಕ್ಕೆ ಕೊಯ್ಲು ಯಂತ್ರ ಬಂತು. ಯಂತ್ರ ಕೂಳೆ ಉಳಿಸಿ, ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಎತ್ತಿಸಲು ಕೂಲಿ ದುಬಾರಿ, ಎರಡನೇ ಬೆಳೆಗೆ ಅವಸರ. ಹಾಗಾಗಿ ಬೆಂಕಿ.

ಪಂಜಾಬಿನಲ್ಲಿ ಈ ಅವಸರ ಇನ್ನೂ ಹೆಚ್ಚು. ಅಂತರ್ಜಲ ಉಳಿಸಲು 2009ರ ಕಾನೂನು ಜೂನ್ 10ಕ್ಕೆ ಮುಂಚೆ ಭತ್ತದ ನಾಟಿ ಕೂಡದೆಂದಿತು. ಕೊಯ್ಲು ತಡವಾಗಿ, ಗೋಧಿ ಬಿತ್ತನೆಗೆ ಎರಡು ಮೂರು ವಾರವಷ್ಟೇ ಉಳಿಯಿತು. ಅದೇ ಹೊತ್ತಿಗೆ ಚಳಿ ಶುರುವಾಗಿ, ಗಾಳಿ ನಿಂತು, ಹೊಗೆ ಮೇಲೇರದೆ ನೆಲದ ಹತ್ತಿರವೇ ದೆಹಲಿವರೆಗೆ ಕವಿಯುತ್ತದೆ. ಹಾಗೆಂದು ತಪ್ಪೆಲ್ಲ ರೈತನದಲ್ಲ. ವಾಹನ, ಕಾರ್ಖಾನೆ, ರಸ್ತೆ ಧೂಳು ವರ್ಷಪೂರ್ತಿ ಇದ್ದೇ ಇವೆ.

ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 3 ಕಿಲೋ ಸೂಕ್ಷ್ಮ ಕಣ, 60 ಕಿಲೋ ಇಂಗಾಲದ ಮಾನಾಕ್ಸೈಡ್ ಗಾಳಿ ಸೇರುತ್ತವೆ. ಕೂದಲೆಳೆಗಿಂತ ಎಷ್ಟೋ ಸಣ್ಣದಾದ ಆ ಕಣ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಮಕ್ಕಳು, ಮುದುಕರು, ಉಬ್ಬಸದವರು ಮೊದಲು ನರಳುತ್ತಾರೆ. ಜೊತೆಗೆ ಸುಮಾರು 5.5 ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ನಷ್ಟ. ದುಡ್ಡು ಕೊಟ್ಟು ಗೊಬ್ಬರ ತರೋದು, ಇದ್ದ ಗೊಬ್ಬರ ಸುಡೋದು!

2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಉತ್ತರದ ರಾಜ್ಯಗಳಲ್ಲಿ ಕೂಳೆ ಸುಡುವುದನ್ನು ನಿಷೇಧಿಸಿತು. ಬೆಂಕಿ ನಿಲ್ಲಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಆ ರಾಜ್ಯಗಳಿಗೆ ಹುಲ್ಲು ನಿರ್ವಹಣೆಯ ಯಂತ್ರಗಳ ಯೋಜನೆ ತಂದಿತು: ಒಂಟಿ ರೈತನಿಗೆ ಶೇಕಡ 50 ಸಹಾಯಧನ, ಸಹಕಾರ ಸಂಘಕ್ಕೆ ಶೇಕಡ 80. ಈ ವ್ಯತ್ಯಾಸವನ್ನು ನಾವು ಗಮನಿಸಬೇಕು. ವರ್ಷಕ್ಕೆ ಕೆಲವೇ ದಿನ ಓಡುವ ಯಂತ್ರ ಒಬ್ಬನಿಗೆ ಹೊರೆ, ಹತ್ತು ಜನಕ್ಕೆ ಅನುಕೂಲ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಇದೇ ನಂಬಿಕೆಯಿಂದ. ನಮ್ಮ ಸಂಘದ ಬೆಳ್ಳಿಹಬ್ಬದ ನೆನಪಿಗೆ ಹುಲ್ಲು ಕಟ್ಟುವ ಯಂತ್ರವೊಂದನ್ನು ಬಾಡಿಗೆಗೆ ಇಡುವ ವಿಚಾರ ಮುಂದಿನ ಸರ್ವಸದಸ್ಯರ ಸಭೆಗೆ ಬರಲಿ. ಬಣವೆ ಬೆಳೆದರೆ ದನ ಬದುಕುತ್ತದೆ, ನಾವು ಉಸಿರಾಡುತ್ತೇವೆ.