ಪುಷ್ಪಕದ ರೆಕ್ಕೆ ನಮ್ಮದು, ಎಂಜಿನ್ ಯಾರದು?

ಪುರಾಣದ ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಜಾಗ ಉಳಿದಿರುತ್ತಿತ್ತು ಎಂಬ ಮಾತು ಜನಜನಿತ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1958ರಲ್ಲಿ ಹಾರಿಸಿದ ‘ಪುಷ್ಪಕ್’ಗೆ ಇದ್ದದ್ದು ಎರಡೇ ಆಸನ. ಒಂದು ಕಲಿಯುವವನಿಗೆ, ಇನ್ನೊಂದು ಕಲಿಸುವವನಿಗೆ.

ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಆರಂಭಿಸಿದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಪರರ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಸ್ವಾತಂತ್ರ್ಯದ ನಂತರ ಸ್ವಂತ ವಿನ್ಯಾಸಕ್ಕೆ ಕೈಹಾಕಿತು. ಜರ್ಮನಿಯಲ್ಲಿ ಓದಿ ಬಂದಿದ್ದ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2, 1951ರಲ್ಲಿ ಹಾರಿತು. ಅದರಲ್ಲಿ ಗುರು-ಶಿಷ್ಯರು ಹಿಂದೆ ಮುಂದೆ ಕೂರಬೇಕಿತ್ತು.

ಫ್ಲೈಯಿಂಗ್ ಕ್ಲಬ್‌ಗಳಿಗೆ ಬೇಕಿದ್ದದ್ದು ಇನ್ನೂ ಸರಳವಾದ ವಿಮಾನ. ಅದಕ್ಕಾಗಿ ಬಂದ ಪುಷ್ಪಕ್, ಅಮೆರಿಕದ ಏರೋಂಕಾ ಚೀಫ್ ವಿಮಾನದ ಜಾಡನ್ನೇ ಹಿಡಿದಿತ್ತು. ಬಟ್ಟೆಯ ಹೊದಿಕೆ, ತಲೆಯ ಮೇಲೆ ರೆಕ್ಕೆ. ಹೀಗಾಗಿ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಗಾಳಿಯಲ್ಲಿ ವಿಮಾನ ಬೇಗ ಸಮತೋಲಕ್ಕೆ ಮರಳುತ್ತದೆ. ಪಕ್ಕಪಕ್ಕದ ಆಸನಗಳಿಂದ ಒಡಲು ಅಗಲವಾಗಿ ವೇಗ ತುಸು ತಗ್ಗುತ್ತದೆ, ನಿಜ. ಆದರೆ ಶಿಷ್ಯನ ಕೈ ತಪ್ಪುವುದು ಗುರುವಿಗೆ ತಕ್ಷಣ ಕಾಣುತ್ತದೆ. ಇಂಥ ಸುಮಾರು 150 ವಿಮಾನಗಳು ತಯಾರಾದವು.

ಮೂರು ದಶಕಗಳ ಬಳಿಕ ಅದೇ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ‘ಹಂಸ’ವನ್ನು ರೂಪಿಸಿತು. ಬಟ್ಟೆಯ ಬದಲು ಗಾಜಿನ ನಾರು ಮತ್ತು ರಾಳ ಬೆರೆತ ಸಂಯುಕ್ತ ವಸ್ತು. ರೆಕ್ಕೆ ಕೆಳಕ್ಕೆ ಇಳಿಯಿತು. ಅದು 1993ರಲ್ಲಿ ಮೊದಲು ಹಾರಿತು. ಸುಧಾರಿತ ಹಂಸ-3ಕ್ಕೆ 2000ದಲ್ಲಿ ಪ್ರಮಾಣಪತ್ರ ದೊರೆಯಿತು. ಏಳು ವರ್ಷದ ಈ ಅಂತರವೇ ಹೇಳುತ್ತದೆ, ಹಾರಿಸುವುದು ಬೇರೆ, ಸುರಕ್ಷಿತವೆಂದು ರುಜುವಾತು ಮಾಡುವುದು ಬೇರೆ ಎಂದು. ಆದರೂ ಕ್ಲಬ್‌ಗಳಿಗೆ ತಲುಪಿದ್ದು ಕೆಲವೇ ವಿಮಾನ. ಹೊಸ ಪೀಳಿಗೆಯ ಹಂಸ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು.

ಈ ಮೂರಕ್ಕೂ ಸಮಾನವಾದದ್ದೊಂದಿದೆ. ಎಚ್‌ಟಿ-2ರ ಎಂಜಿನ್ ಬ್ರಿಟನ್ನಿನದು, ಪುಷ್ಪಕ್‌ನ 90 ಅಶ್ವಶಕ್ತಿಯ ಕಾಂಟಿನೆಂಟಲ್ ಅಮೆರಿಕದ್ದು, ಹಂಸದ ರೋಟಾಕ್ಸ್ ಆಸ್ಟ್ರಿಯಾದ್ದು. ಇದಕ್ಕೆ ಜಾಣ್ಮೆಯ ಕೊರತೆಯನ್ನು ದೂರುವುದು ಸುಲಭ. ಸಂಗತಿ ಬೇರೆ ಇದೆ. ವಿಮಾನದ ಒಡಲನ್ನು ನೂರು ನೂರೈವತ್ತರ ಲೆಕ್ಕದಲ್ಲೂ ಕಟ್ಟಬಹುದು. ಎಂಜಿನ್ನಿಗೆ ವಿಶೇಷ ಲೋಹ, ಅಚ್ಚು, ಸಾವಿರಾರು ಗಂಟೆಗಳ ಪರೀಕ್ಷೆ ಬೇಕು. ಅಷ್ಟು ಬಂಡವಾಳ ಮರಳಬೇಕಾದರೆ ಸಾವಿರಗಟ್ಟಲೆ ಮಾರಾಟವಾಗಬೇಕು. ಸ್ವಂತಕ್ಕೆ ವಿಮಾನ ಕೊಳ್ಳುವವರು ವಿರಳವಾದ ನಾಡಿನಲ್ಲಿ ಗಿರಾಕಿ ಎಂದರೆ ಕ್ಲಬ್‌ಗಳು ಮಾತ್ರ. ಅವುಗಳಿಗೂ ಬಿಡಿಭಾಗ ಸುಲಭವಾಗಿ ಸಿಗುವ ವಿದೇಶಿ ವಿಮಾನವೇ ಅನುಕೂಲ.

ಹೀಗೆ ಬೇಡಿಕೆಯಿಲ್ಲದೆ ತಯಾರಿಕೆಯಿಲ್ಲ, ತಯಾರಿಕೆಯಿಲ್ಲದೆ ಬಿಡಿಭಾಗವಿಲ್ಲ, ಬಿಡಿಭಾಗವಿಲ್ಲದೆ ಬೇಡಿಕೆಯಿಲ್ಲ. ಇದರ ಬೆಲೆ ತೆರುವವರು ಪೈಲಟ್ ಆಗಬಯಸುವ ನಮ್ಮ ಹುಡುಗ ಹುಡುಗಿಯರು. ತರಬೇತಿಗೆಂದು ಸಾಲ ಮಾಡಿ ವಿದೇಶಕ್ಕೆ ಹೋಗುವವರು ಅವರಲ್ಲಿ ಹಲವರು. ಪುರಾಣದ ಪುಷ್ಪಕದಲ್ಲಿ ಇರುತ್ತಿದ್ದ ಆ ಒಂದು ಖಾಲಿ ಜಾಗ ಬೇಕಾಗಿರುವುದು ಇವರಿಗೇ.